ಖಾತೆಯಲ್ಲಿ ಅರವತ್ತೆರಡು ಸಾವಿರ, ಕೈಗೆ ಹತ್ತೇ ಸಾವಿರ: ಒಂದು ‘ಸಣ್ಣ ಖಾತೆ’ಯ ಪ್ರಕರಣ

2024ರ ಮೇ 18, ಶನಿವಾರ. ತುರುವೇಕೆರೆ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬರು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮುಂದಿಟ್ಟರು. "ಸ್ವಾಮಿ, ದುಡ್ಡು ಬಂದಿದೆ ಎನ್ನುತ್ತಾರೆ, ಕೊಡುವುದಕ್ಕೆ ಆಗುವುದಿಲ್ಲ ಎನ್ನುತ್ತಾರೆ. ಎರಡರಲ್ಲಿ ಯಾವುದು ಸುಳ್ಳು?"

ಎರಡೂ ಸುಳ್ಳಾಗಿರಲಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಲು ನನಗೆ ಒಂದು ಗಂಟೆ ಹಿಡಿಯಿತು. ಬ್ಯಾಂಕಿನ ಕೌಂಟರಿನ ಹಿಂದೆಯೇ ಆಯುಷ್ಯ ಸವೆಸಿ ನಿವೃತ್ತನಾದವನು ನಾನು. ಊರಿನ ಸುತ್ತಮುತ್ತಲಿನವರು ಇಂಥ ಕಾಗದಗಳನ್ನು ಹಿಡಿದು ಬರುವುದು ಹೊಸತಲ್ಲ. ಈ ಪ್ರಕರಣವನ್ನು ಮಾತ್ರ ಬರೆದಿಡಬೇಕು ಅನ್ನಿಸಿತು. ಅದಕ್ಕಿರುವ ಕಾರಣಗಳಲ್ಲಿ ಒಂದು ನನಗೆ ಹೆಮ್ಮೆ ತರುವಂಥದ್ದಲ್ಲ.

ಆಕೆ ವಿಧವೆ. ಮನೆಯಲ್ಲಿ ಇರುವುದು ಅವರು ಮತ್ತು ಅವರ ಅತ್ತೆ. ಪಹಣಿ ತಮ್ಮ ಹೆಸರಿನಲ್ಲೇ ಇರುವ ಮಳೆಯಾಶ್ರಿತ ಜಮೀನಿನಲ್ಲಿ ರಾಗಿ ಬೆಳೆಯುತ್ತಾರೆ. ಆ ಹಂಗಾಮಿನಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ. ಖರೀದಿ ಕೇಂದ್ರಕ್ಕೆ 16 ಕ್ವಿಂಟಾಲ್ ಹಾಕಿದ್ದರು, 61,536 ರೂಪಾಯಿ ಬರಬೇಕಿತ್ತು. ಮೇ 6ರಂದು ಅಷ್ಟೂ ಹಣ ಒಂದು ಪೈಸೆ ಕಡಿಮೆಯಿಲ್ಲದೆ ಜಮಾ ಆಯಿತು. ಮೊದಲೇ ಇದ್ದ 1,310 ರೂಪಾಯಿ ಸೇರಿ ಶಿಲ್ಕು 62,846.

ಹಣಕ್ಕೆ ದಾರಿ ಮೊದಲೇ ಗೊತ್ತಾಗಿತ್ತು. ಡಿಸೆಂಬರ್ 12ರಂದು, ಕೊಯ್ಲಿನ ಕೂಲಿಗೆ ಮತ್ತು ಒಕ್ಕಣೆಗೆಂದು, ಎರಡೆಳೆಯ ಸರವನ್ನು ಗಿರವಿ ಇಟ್ಟು 40,000 ತಂದಿದ್ದರು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 800. ಗಿರವಿ ಅಂಗಡಿಯ ಲೆಕ್ಕದಲ್ಲಿ 12ನೇ ತಾರೀಕು ದಾಟಿ ಒಂದು ದಿನವಾದರೂ ಇಡೀ ತಿಂಗಳಿನ ಬಡ್ಡಿ. ಮೇ 10ರ ಬಸವ ಜಯಂತಿಗೆ ಸರ ಕೊರಳಿಗೆ ಬರಬೇಕು ಎಂದು ಆಕೆ ಎಣಿಕೆ ಹಾಕಿದ್ದರು. ಅಂದರೆ ಬಡ್ಡಿ ಐದು ತಿಂಗಳಿಗೇ ನಿಲ್ಲುತ್ತಿತ್ತು.

ಮೇ 7ರಂದು ಊರಿನ ಬ್ಯಾಂಕ್ ಮಿತ್ರನ (ಬ್ಯಾಂಕಿನ ಪರವಾಗಿ ಹಳ್ಳಿಯಲ್ಲೇ ಹಣ ಕೊಡುವ ಏಜೆಂಟ್) ಬಳಿ ಬೆರಳು ಕೊಟ್ಟು 10,000 ತೆಗೆದರು. ಅದು ಗೊಬ್ಬರದಂಗಡಿಯ ಸಾಲಕ್ಕೆ ಹೋಯಿತು. ಉಳಿದದ್ದಕ್ಕೆ ಬ್ಯಾಂಕ್ ಮಿತ್ರ, "ಲಿಮಿಟ್ ಇರುವುದು ಹತ್ತು ಸಾವಿರಕ್ಕೆ ಅಕ್ಕ, ನಾಳೆ ಬನ್ನಿ" ಎಂದ. ನಾಳೆ ಹೋದರು. ಯಂತ್ರ ಒಪ್ಪಲಿಲ್ಲ. ಮರುದಿನ ಹೋದರು. ಯಂತ್ರ ಆಗಲೂ ಒಪ್ಪಲಿಲ್ಲ. ಹಬ್ಬ ಬಂದು ಹೋಯಿತು. 13ರಂದು ಬಸ್ಸು ಹತ್ತಿ ಶಾಖೆಗೆ ಹೋದರೆ ಕೌಂಟರಿನವರು ಪರದೆ ನೋಡಿ, "ಈ ತಿಂಗಳಿನದು ಮುಗಿದಿದೆಯಮ್ಮ, ಜೂನ್‌ನಲ್ಲಿ ಬನ್ನಿ" ಎಂದು ಮುಂದಿನವರನ್ನು ಕರೆದರು. ಅಷ್ಟರಲ್ಲಿ ಊರಿನಲ್ಲಿ ಒಬ್ಬರು, ರಾಗಿ ಜಾಸ್ತಿ ಹಾಕಿದವರ ಹಣವನ್ನು ಸರ್ಕಾರ ವಾಪಸು ತೆಗೆದುಕೊಳ್ಳುತ್ತದಂತೆ ಎಂದಿದ್ದರು. ಆ ‘ಅಂತೆ’ಯನ್ನು ಹೊತ್ತುಕೊಂಡೇ ಆಕೆ ನನ್ನ ಜಗಲಿಗೆ ಬಂದಿದ್ದು.

ಪಾಸ್‌ಬುಕ್ ತೆರೆದೆ. ಮೊದಲ ಪುಟದಲ್ಲಿ ಸಿದ್ಧಗಂಗೆಯ ಶ್ರೀಗಳ ಅಂಚೆಚೀಟಿಯಷ್ಟು ಚಿತ್ರವೊಂದನ್ನು ಅಂಟಿಸಿದ್ದರು. ಅದರ ಅಂಚಿನ ಕೆಳಗೆ ನೇರಳೆ ಶಾಯಿಯ ಮೊಹರು ಇಣುಕುತ್ತಿತ್ತು. ಚಿತ್ರವನ್ನು ಕೀಳಲು ಮನಸ್ಸು ಬಾರದೆ ಬೆಳಕಿಗೆ ಹಿಡಿದು ಓದಿದೆ: ‘ಸ್ಮಾಲ್ ಅಕೌಂಟ್’. ಖಾತೆ ತೆರೆದ ದಿನಾಂಕ 2015ರ ಜನವರಿ. ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಯಾವುದು ಈ ಸಣ್ಣ ಖಾತೆ?

ಗುರುತಿನ ದಾಖಲೆ ಇಲ್ಲದವರಿಗೂ ಬ್ಯಾಂಕಿನ ಬಾಗಿಲು ತೆರೆಯಲೆಂದು 2010ರ ಡಿಸೆಂಬರಿನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ನಿಯಮಗಳಿಗೆ ತಿದ್ದುಪಡಿ ತಂದರು. ಒಂದು ಭಾವಚಿತ್ರ, ಬ್ಯಾಂಕಿನ ಅಧಿಕಾರಿಯ ಎದುರಿಗೆ ಒಂದು ಸಹಿ ಅಥವಾ ಹೆಬ್ಬೆಟ್ಟು, ಅಷ್ಟಿದ್ದರೆ ಖಾತೆ. ಸೆರೆಮನೆಯಲ್ಲಿ ಇರುವವರೂ ಅಲ್ಲಿನ ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ ಇಂಥ ಖಾತೆ ತೆರೆಯಬಹುದು. ಒಳ್ಳೆಯ ನಿಯಮವೇ. ಆದರೆ ಖಾತೆದಾರರು ಯಾರೆಂದು ಬ್ಯಾಂಕಿಗೆ ಖಾತ್ರಿಯಿಲ್ಲದ ಕಾರಣ ಮೂರು ಕಡೆ ಬೇಲಿ ಹಾಕಿದ್ದಾರೆ. ಒಂದು ಹಣಕಾಸು ವರ್ಷದಲ್ಲಿ ಒಟ್ಟು ಜಮಾ ಒಂದು ಲಕ್ಷ ಮೀರಬಾರದು. ಶಿಲ್ಕು ಯಾವ ಹೊತ್ತಿನಲ್ಲೂ 50,000 ದಾಟಬಾರದು. ಒಂದು ತಿಂಗಳಿನಲ್ಲಿ ತೆಗೆಯುವ ಹಣ, ಬೇರೆ ಖಾತೆಗೆ ವರ್ಗಾಯಿಸುವ ಹಣ ಎಲ್ಲ ಕೂಡಿ 10,000 ಮೀರಬಾರದು. ವಹಿವಾಟು ನಡೆಯುವ ಮೊದಲೇ ಈ ಮಿತಿಗಳನ್ನು ಪರೀಕ್ಷಿಸಬೇಕೆಂದು ಬ್ಯಾಂಕುಗಳಿಗೆ ಕಟ್ಟುನಿಟ್ಟು ಮಾಡಿದ್ದಾರೆ. ಹಾಗಾಗಿ ಕೌಂಟರಿನವರು ಕರುಣೆ ತೋರಿಸಿದ್ದರೂ ಗಣಕಯಂತ್ರ ತೋರಿಸುತ್ತಿರಲಿಲ್ಲ. ಅವರು ಕರುಣೆ ತೋರಿಸಲಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಐವತ್ತು ಸಾವಿರದ ಬೇಲಿ ಇದ್ದೂ 61,536 ಒಳಗೆ ಬಂದದ್ದು ಹೇಗೆ? ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಸರ್ಕಾರದ ಅನುದಾನ, ಕಲ್ಯಾಣ ಯೋಜನೆಗಳ ಹಣ ಮತ್ತು ಸರ್ಕಾರಿ ಖರೀದಿಯ ಹಣ ಜಮಾ ಆಗುವಾಗ ಶಿಲ್ಕಿನ ಮಿತಿಯನ್ನು ನೋಡಬೇಕಿಲ್ಲ ಎಂದು ನಿಯಮವೇ ವಿನಾಯಿತಿ ಕೊಟ್ಟಿದೆ. ರೈತರಿಗೂ ಅನುಕೂಲವಾಗಬೇಕಿದ್ದ ಸಾಲು ಅದು. ಹಣ ಹೊರಗೆ ಹೋಗುವ ಬಾಗಿಲಿಗೆ ಮಾತ್ರ ಅಂಥ ವಿನಾಯಿತಿ ಇಲ್ಲ. ಕಣಜಕ್ಕೆ ಮೂಟೆಗಟ್ಟಲೆ ಸುರಿಯಲು ಮೇಲೆ ಬಾಯಿ ಬಿಟ್ಟು, ತೆಗೆಯಲು ಕೆಳಗೆ ಸೇರು ಹಿಡಿಯುವಷ್ಟು ತೂತು ಕೊರೆದ ಹಾಗಾಯಿತು. ಬೆಂಬಲ ಬೆಲೆಯ ಹಣವನ್ನು ರೈತರು ವರ್ಷಪೂರ್ತಿ ಕಂತಿನಲ್ಲಿ ಖರ್ಚು ಮಾಡುವುದಿಲ್ಲ, ಬಂದ ವಾರದಲ್ಲೇ ಸಾಲ ತೀರಿಸುತ್ತಾರೆ. ಆ ವಿನಾಯಿತಿಯನ್ನು ಬರೆದವರಿಗೆ ಸುಗ್ಗಿಯ ಲೆಕ್ಕಾಚಾರ ಗೊತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಇನ್ನೊಂದು ಅಪಾಯ ಆಕೆಗೆ ಇನ್ನೂ ಕಂಡಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿಸಿ ನೋಡಿದೆ. ರಾಗಿ ಹಣ 61,536. ಗೃಹಲಕ್ಷ್ಮಿ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000. ವಿಧವಾ ವೇತನ ತಿಂಗಳಿಗೆ 800ರಂತೆ 9,600. ಆಗ ಅಕ್ಕಿಯ ಬದಲು ಬರುತ್ತಿದ್ದ ಅನ್ನಭಾಗ್ಯದ ಹಣ ಇಬ್ಬರಿಗೆ ತಿಂಗಳಿಗೆ 340, ವರ್ಷಕ್ಕೆ 4,080. ಎಲ್ಲವೂ ತಪ್ಪದೆ ಬಂದರೆ 99,216. ವರ್ಷದ ಜಮಾ ಮಿತಿಗೆ ಉಳಿಯುವುದು 784 ರೂಪಾಯಿ! ವಿನಾಯಿತಿಯ ಸಾಲು ಶಿಲ್ಕಿನ ಮಾತನ್ನಷ್ಟೇ ಆಡುತ್ತದೆ, ವರ್ಷದ ಜಮೆಯ ಮಾತನ್ನು ಆಡುವುದಿಲ್ಲ. ಆಕೆ ಒಂದು ಮೇಕೆ ಮಾರಿ ಆ ಹಣವನ್ನು ಖಾತೆಗೆ ಹಾಕಿದ್ದರೆ ಮಾರ್ಚ್ ಹೊತ್ತಿಗೆ ಗೃಹಲಕ್ಷ್ಮಿಯ ಕಂತು ತಿರಸ್ಕೃತವಾಗಿ ಹಿಂದಕ್ಕೆ ಹೋಗುವ ಸಂಭವವಿತ್ತು.

ಮೂರು ಹತ್ತು ಸಾವಿರಗಳು

ಬ್ಯಾಂಕ್ ಮಿತ್ರ ಸುಳ್ಳು ಹೇಳಿದನೇ? ಇಲ್ಲ. ಅವನಿಗೆ ಗೊತ್ತಿದ್ದದ್ದು ಬೇರೆ ಹತ್ತು ಸಾವಿರ. ಆಧಾರ್ ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆಯಲ್ಲಿ ಒಂದು ವಹಿವಾಟಿಗೆ ಗರಿಷ್ಠ 10,000. ಅವನು ದಿನವೂ ಕಾಣುವ ಮಿತಿ ಅದೊಂದೇ, ಆದ್ದರಿಂದ ‘ನಾಳೆ ಬನ್ನಿ’ ಎಂದ. ಆಕೆಯನ್ನು ತಡೆದದ್ದು ಖಾತೆಯ ತಿಂಗಳ ಮಿತಿ. ಅದೂ 10,000. ಸಾಲದ್ದಕ್ಕೆ, ಜನಧನ ಖಾತೆಗೆ ಅರ್ಹರಿಗೆ ಸಿಗುವ ಓವರ್‌ಡ್ರಾಫ್ಟ್ (ಶಿಲ್ಕು ಇಲ್ಲದಿದ್ದರೂ ಸಿಗುವ ಸಾಲ) ಮೊತ್ತವೂ 10,000ದವರೆಗೆ. ಊರಿನಲ್ಲಿ ಈ ಮೂರೂ ಕಲಸಿ ಹೋಗಿವೆ. ಆಕೆಯ ಪಕ್ಕದ ಮನೆಯವರಂತೂ, "ಅದು ಮೋದಿ ಕೊಡುವ ಹತ್ತು ಸಾವಿರ, ನಿನ್ನ ರಾಗಿ ದುಡ್ಡು ಹಾಗೇ ಇದೆ" ಎಂದು ಸಮಾಧಾನ ಹೇಳಿದ್ದರಂತೆ.

ಮತ್ತೊಂದು ಗೋಜಲೂ ಇತ್ತು. "ಆಧಾರ್ ಲಿಂಕ್ ಆಗಿದೆಯಲ್ಲ ಸ್ವಾಮಿ, ಅದಕ್ಕೇ ಅಲ್ಲವೇ ದುಡ್ಡು ಬಂದದ್ದು?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸರ್ಕಾರದ ಹಣ ಬರಲು ಆಧಾರ್ ಸಂಖ್ಯೆಯನ್ನು ಖಾತೆಗೆ ಜೋಡಿಸಿದ್ದರು. ಅದು ಹಣಕ್ಕೆ ವಿಳಾಸ ಬರೆದಂತೆ. ಆ ವಿಳಾಸದಲ್ಲಿ ಇರುವವರು ಇವರೇ ಎಂದು ಬ್ಯಾಂಕು ಪರಿಶೀಲಿಸಿ ದಾಖಲಿಸಿಕೊಳ್ಳುವುದು ಕೆವೈಸಿ. ಮೊದಲನೆಯದು ಆಗಿತ್ತು, ಎರಡನೆಯದು ಒಂಬತ್ತು ವರ್ಷಗಳಿಂದ ಆಗಿರಲಿಲ್ಲ.

ಒಂಬತ್ತು ವರ್ಷ ಹೇಗೆ ನಡೆಯಿತು ಎಂಬುದೇ ಸೋಜಿಗ. ಸಣ್ಣ ಖಾತೆಗೆ ಮೊದಲು 12 ತಿಂಗಳ ಅವಧಿ. ಅಷ್ಟರೊಳಗೆ ಯಾವುದಾದರೂ ಗುರುತಿನ ದಾಖಲೆಗೆ ಅರ್ಜಿ ಹಾಕಿದ ಪುರಾವೆ ತೋರಿಸಿದರೆ ಮತ್ತೆ 12 ತಿಂಗಳು. ಅಲ್ಲಿಗೆ 24. ನಿಯಮದಂತೆ ಈ ಖಾತೆ 2017ರ ಜನವರಿಯೊಳಗೆ ಪೂರ್ಣ ಖಾತೆಯಾಗಬೇಕಿತ್ತು, ಇಲ್ಲವೇ ನಿಲ್ಲಬೇಕಿತ್ತು. ಎರಡೂ ಆಗದೆ, ಮಿತಿಯನ್ನು ಹೊತ್ತುಕೊಂಡೇ ತೆವಳುತ್ತಿತ್ತು. ತಿಂಗಳಿಗೆ ಎರಡು ಮೂರು ಸಾವಿರ ಬಂದು ಹೋಗುವಾಗ ಯಾರಿಗೂ ಬೇಲಿ ತಾಗಿರಲಿಲ್ಲ.

ಈಗ ನನ್ನ ಪಾಲಿನ ಮಾತು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಯಿತು. ಅದೇ ವಾರದಲ್ಲಿ ದೇಶದಾದ್ಯಂತ 1,80,96,130 ಖಾತೆಗಳನ್ನು ತೆರೆದು ಗಿನ್ನೆಸ್ ದಾಖಲೆಯೂ ಆಯಿತು. ಆಮೇಲಿನ ತಿಂಗಳುಗಳಲ್ಲಿ ಶಾಲೆಯ ಅಂಗಳಗಳಲ್ಲಿ ಶಾಮಿಯಾನ ಹಾಕಿ ಮೇಜು ಜೋಡಿಸಿದ್ದೆವು. ಆಕೆಯ ಬ್ಯಾಂಕು ಬೇರೆ, ನನ್ನದು ಬೇರೆ. ಆದರೂ ಅಂಥದ್ದೇ ಮೇಜಿನ ಹಿಂದೆ ನಾನೂ ಕುಳಿತಿದ್ದೆ. ಪಡಿತರ ಚೀಟಿ ಬಿಟ್ಟು ಬೇರೇನೂ ತಾರದವರ ಅರ್ಜಿಗೆ ನೇರಳೆ ಮೊಹರು ಒತ್ತಿ ಪಕ್ಕಕ್ಕೆ ಇಡುತ್ತಿದ್ದೆ. ರೂಪೇ ಕಾರ್ಡಿನ ವಿಮೆಯ ಬಗ್ಗೆ ಎಲ್ಲರಿಗೂ ಹೇಳಿದೆ. ಶೂನ್ಯ ಶಿಲ್ಕಿನ ಬಗ್ಗೆ ಹೇಳಿದೆ. ತಿಂಗಳಿಗೆ ಹತ್ತು ಸಾವಿರ ಮಾತ್ರ ಎಂದು ಒಬ್ಬರಿಗಾದರೂ ಹೇಳಿದ ನೆನಪು ನನಗಿಲ್ಲ. ಆ ಜನರ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು ಎಂಬ ಭಾವನೆ ಒಳಗೆಲ್ಲೋ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಶಾಖೆಗೆ ಹೋಗುವ ಮುನ್ನ ಆಕೆಯ ಅಣ್ಣನ ಮಗ ಪೀಣ್ಯದಿಂದ ಫೋನ್ ಮಾಡಿದ. ಮೊಬೈಲಿನಲ್ಲೇ ಒಟಿಪಿ ಕೊಟ್ಟು ಕಾಲು ಗಂಟೆಯಲ್ಲಿ ತೆರೆದ ಖಾತೆ ಅವನದು. "ಅತ್ತೆಯ ದುಡ್ಡನ್ನೆಲ್ಲ ನನ್ನ ಖಾತೆಗೆ ಹಾಕಿಸಿ ಸರ್, ನಾನು ತೆಗೆದು ತಂದು ಕೊಡುತ್ತೇನೆ" ಎಂದ. ಆಗದ ಮಾತು. ವರ್ಗಾವಣೆಯೂ ಅದೇ ಹತ್ತು ಸಾವಿರದೊಳಗೆ ಬರುತ್ತದೆ. ಅವನ ಖಾತೆಗೂ ಒಂದು ಬೇಲಿ ಇದೆಯೆಂದು ಅವನಿಗೇ ತಿಳಿದಿರಲಿಲ್ಲ. ಎದುರು ಹೋಗದೆ ಆಧಾರ್ ಒಟಿಪಿಯಿಂದ ತೆರೆದ ಖಾತೆಯಲ್ಲಿ ಶಿಲ್ಕು ಒಂದು ಲಕ್ಷ, ವರ್ಷದ ಜಮಾ ಎರಡು ಲಕ್ಷ ಮೀರುವಂತಿಲ್ಲ. ಒಂದು ವರ್ಷದೊಳಗೆ ಪೂರ್ಣ ಪರಿಶೀಲನೆ ಆಗದಿದ್ದರೆ ಖಾತೆಯನ್ನು ಮುಚ್ಚಬೇಕು. ಸಂಬಳ ಅದಕ್ಕೇ ಬರುತ್ತದೆ ಎಂದ ಹುಡುಗ, ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ.

ಇಂಥ ಬೇಲಿ ನಮ್ಮಲ್ಲಿ ಮಾತ್ರ ಎಂದೇನಲ್ಲ. ಅಮೆರಿಕದ ಉಳಿತಾಯ ಖಾತೆಗಳಿಂದ ಕೆಲವು ಬಗೆಯ ವರ್ಗಾವಣೆಗಳನ್ನು ತಿಂಗಳಿಗೆ ಆರಕ್ಕೆ ಮಿತಿಗೊಳಿಸಿದ ನಿಯಮ ದಶಕಗಳ ಕಾಲ ಇತ್ತು. ಅಲ್ಲಿರುವ ನಮ್ಮವರು ಏಳನೆಯದಕ್ಕೆ ಶುಲ್ಕ ತೆತ್ತು ಗೊಣಗುತ್ತಿದ್ದರು. ಕೊರೊನಾ ಬಂದಾಗ, 2020ರ ಏಪ್ರಿಲ್‌ನಲ್ಲಿ, ಅಲ್ಲಿನ ಕೇಂದ್ರ ಬ್ಯಾಂಕು ಅದನ್ನು ತೆಗೆದುಹಾಕಿತು. ಅಲ್ಲಿ ಎಣಿಸುತ್ತಿದ್ದದ್ದು ಸಲವನ್ನು, ಇಲ್ಲಿ ಎಣಿಸುವುದು ಮೊತ್ತವನ್ನು.

ಎಡಗೈಯ ಉಂಗುರ ಬೆರಳು

ಮೇ 20ರ ಸೋಮವಾರ ಇಬ್ಬರೂ ಶಾಖೆಗೆ ಹೋದೆವು. ಆಧಾರ್ ಕಾರ್ಡು, ಎರಡು ಭಾವಚಿತ್ರ, ಪಾಸ್‌ಬುಕ್ ಮತ್ತು ನನ್ನ ಒತ್ತಾಯಕ್ಕೆ ನರೇಗಾ ಜಾಬ್ ಕಾರ್ಡು. ರಾಜ್ಯ ಸರ್ಕಾರದ ಅಧಿಕಾರಿಯ ಸಹಿ ಇರುವ ಜಾಬ್ ಕಾರ್ಡು ಕೂಡ ಮತದಾರರ ಚೀಟಿ, ಚಾಲನಾ ಪರವಾನಗಿಯಂತೆಯೇ ಅಧಿಕೃತ ಗುರುತಿನ ದಾಖಲೆ. ಇದು ಬ್ಯಾಂಕಿನವರಲ್ಲೂ ಅನೇಕರಿಗೆ ಮರೆತುಹೋಗಿರುತ್ತದೆ.

ಅಧಿಕಾರಿ ಚಿಕ್ಕ ವಯಸ್ಸಿನವರು, ಸೌಜನ್ಯದವರೇ. ಮೊದಲು ಕೇಳಿದ್ದು ಪ್ಯಾನ್. ಇಲ್ಲ ಎಂದಾಗ ಮಾಡಿಸಿಕೊಂಡು ಬನ್ನಿ ಎಂದರು. ಪ್ಯಾನ್ ಇಲ್ಲದವರಿಗೆ ಫಾರಂ 60 ಸಾಕು ಎಂದು ನಾನು ನೆನಪಿಸಿದೆ. ಅವರು ಒಳಗೆ ಹೋಗಿ ಕೇಳಿಕೊಂಡು ಬಂದು ಒಪ್ಪಿದರು. ಆಮೇಲೆ ಹೆಸರಿನ ತಕರಾರು. ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಗಂಡನ ಇನಿಶಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಎಂದು ಬಿಳಿ ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿದ್ದಾಯಿತು.

ಕೊನೆಗೆ ಬೆರಳಚ್ಚು. ಬಲಗೈ ಹೆಬ್ಬೆರಳು ಇಟ್ಟರು, ಹೊಂದಲಿಲ್ಲ. ಎಡಗೈ ಹೆಬ್ಬೆರಳು, ಅದೂ ಹೊಂದಲಿಲ್ಲ. ಕಳೆ ಕಿತ್ತು, ಕುಡುಗೋಲು ಹಿಡಿದು ಸವೆದ ಬೆರಳುಗಳು. ಅಧಿಕಾರಿ ಗಾಜನ್ನು ಒರೆಸಿ ಮತ್ತೆ ಇಡಿಸಿದರು. "ಆಗುತ್ತಿಲ್ಲಮ್ಮ, ಆಧಾರ್ ಕೇಂದ್ರಕ್ಕೆ ಹೋಗಿ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ" ಎನ್ನುವಷ್ಟರಲ್ಲಿ ಆಕೆ ಸಂಕೋಚದಿಂದ, "ಇದನ್ನು ಇಡಲೇ?" ಎಂದು ಎಡಗೈಯ ಉಂಗುರ ಬೆರಳು ತೋರಿಸಿದರು. ಅದು ಬ್ಯಾಂಕ್ ಮಿತ್ರ ಕಂಡುಹಿಡಿದಿದ್ದ ಬೆರಳು. ತಿಂಗಳು ತಿಂಗಳು ಹತ್ತನ್ನೂ ಪ್ರಯತ್ನಿಸಿ, ಇದೊಂದೇ ಮಾತು ಕೇಳುವುದು ಎಂದು ಅವನು ತನ್ನ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಬರೆದಿಟ್ಟುಕೊಂಡಿದ್ದನಂತೆ. ಇಟ್ಟರು. ಪರದೆಯ ಮೇಲೆ ಹಸಿರು ಬಂತು. ಎರಡು ವಾರಗಳ ಅಲೆದಾಟದಲ್ಲಿ ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಇಷ್ಟು ದಿನ ಇದನ್ನು ಯಾಕೆ ಸರಿಪಡಿಸಲಿಲ್ಲ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಅವರು ಆ ಶಾಖೆಗೆ ಬಂದು ಎಂಟು ತಿಂಗಳಾಗಿತ್ತು. ನೋಟಿಸು ಕಳಿಸಿರುತ್ತೇವೆ ಎಂದರು. ಓದು ಬಾರದವರಿಗೆ, ಖಾತೆಗೆ ಮೊಬೈಲ್ ಸಂಖ್ಯೆಯೇ ಸೇರಿಸದವರಿಗೆ ನೋಟಿಸು ಎಲ್ಲಿಗೆ ಹೋಯಿತು ಎಂಬುದಕ್ಕೆ ಅವರ ಬಳಿ ಉತ್ತರ ಇರಲಿಲ್ಲ. ಸಭ್ಯರಾದ್ದರಿಂದ ಚಹಾ ತರಿಸಿದರು.

24ರ ಶುಕ್ರವಾರ ಖಾತೆ ಪೂರ್ಣ ಖಾತೆಯಾಯಿತು. ಮರುದಿನ ನಾಲ್ಕನೇ ಶನಿವಾರ. ಸೋಮವಾರ, 27ರಂದು, ಶಾಖೆಯಲ್ಲೇ ಚೀಟಿ ಬರೆಸಿ 45,000 ತೆಗೆದರು. ಗಿರವಿ ಅಂಗಡಿಯಲ್ಲಿ ಆರು ತಿಂಗಳಿನ ಬಡ್ಡಿ ಸೇರಿ 44,800 ಕಟ್ಟಿ ಸರ ಬಿಡಿಸಿಕೊಂಡರು.

ಬೇಲಿಯಿಂದ ಆದ ನಷ್ಟ ಎಷ್ಟು? ಹೆಚ್ಚಿಗೆ ಒಂದು ತಿಂಗಳಿನ ಬಡ್ಡಿ 800. ಅಲೆದಾಡಿದ ಐದು ದಿನಗಳ ಕೂಲಿ, ಆ ವರ್ಷದ ನರೇಗಾ ದರ 349ರಂತೆ 1,745. ಎರಡೂ ಸೇರಿ 2,545, ಬಸ್ಸಿನ ಖರ್ಚು ಬೇರೆ. ಏನೂ ಮಾಡದೆ ಜೂನ್‌ನಿಂದ ತಿಂಗಳಿಗೆ ಹತ್ತರಂತೆ ತೆಗೆದು ಕೂಡಿಸುತ್ತ ಹೋಗಿದ್ದರೆ ಸರ ಬರುತ್ತಿದ್ದದ್ದು ಅಕ್ಟೋಬರಿನಲ್ಲಿ, ದಸರೆಯ ಹೊತ್ತಿಗೆ. ಆಗ ಕಟ್ಟಬೇಕಾದದ್ದು 48,000. ಆ ಐದು ತಿಂಗಳು ಖಾತೆಯಿಂದ ಮನೆಖರ್ಚಿಗೆ ಸಿಗುತ್ತಿದ್ದದ್ದು ಎರಡೇ ಸಾವಿರ.

ಈ ನಷ್ಟಕ್ಕೆ ದೂರು ಕೊಡೋಣ ಎಂದೆ. ಮೊದಲು ಬ್ಯಾಂಕಿಗೆ ಬರಹದಲ್ಲಿ ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರಿನಿಂದ ಎಲ್ಲ ಬಗೆಯ ದೂರಿಗೂ ಒಂದೇ ಯೋಜನೆ ಇದೆ. ಶುಲ್ಕವಿಲ್ಲ, 14448ಕ್ಕೆ ಕರೆ ಮಾಡಿ ಮಾಹಿತಿ ಕೇಳಬಹುದು. ಮಿತಿ ಹೇರಿದ್ದು ನಿಯಮ, ಅದರಲ್ಲಿ ತಪ್ಪಿಲ್ಲ. ಹೇಳದೆ ಬಿಟ್ಟದ್ದು, ಒಂಬತ್ತು ವರ್ಷ ಕೈಬಿಟ್ಟದ್ದು ಸೇವೆಯ ಲೋಪ ಎಂಬುದು ನನ್ನ ವಾದ. ಅರ್ಜಿಯ ಕರಡನ್ನೂ ಬರೆದೆ. ಆಕೆ ಕೇಳಿಸಿಕೊಂಡು, "ಆ ಮೆಟ್ಟಿಲು ಮತ್ತೆ ಹತ್ತಿಸಬೇಡಿ ಸ್ವಾಮಿ, ಹೊಲ ಉಳಬೇಕು" ಎಂದರು. ಕರಡು ಇನ್ನೂ ನನ್ನ ಮೇಜಿನ ಖಾನೆಯಲ್ಲೇ ಇದೆ.

ಜುಲೈನಲ್ಲಿ ಆಕೆ ಮತ್ತೆ ಬಂದರು. ಬ್ಯಾಂಕ್ ಮಿತ್ರನ ಯಂತ್ರ ಮತ್ತೆ ಹಣ ಕೊಡುತ್ತಿಲ್ಲ. ಪಾಸ್‌ಬುಕ್ ನೋಡಿದರೆ ಆ ತಿಂಗಳು 500, 300, 1,000, 500 ಎಂದು ನಾಲ್ಕು ಸಲ ತೆಗೆದಿದ್ದರು. ಮೊತ್ತದ ಬೇಲಿ ಹೋದರೂ ಖಾತೆ ಇನ್ನೂ ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯೇ. ಅದರಲ್ಲಿ ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಉಚಿತ. ಐದನೆಯದನ್ನು ಕೊಡುವುದು, ಬಿಡುವುದು, ಶುಲ್ಕ ಹಾಕುವುದು ಬ್ಯಾಂಕಿನ ಇಚ್ಛೆ. ಈ ಸಲ ವಿವರಿಸಲು ಐದು ನಿಮಿಷ ಸಾಕಾಯಿತು. ಆಕೆ ಬೆರಳು ಮಡಚಿ ಎಣಿಸಿಕೊಂಡು ಹೊರಟರು. ಆಮೇಲೊಮ್ಮೆ ಅವರ ಮನೆಗೆ ಹೋದಾಗ, ದೇವರ ಗೂಡಿನ ಪಕ್ಕದ ಸಣ್ಣ ಡಬ್ಬಿಯಲ್ಲಿ ಹುಣಸೆ ಬೀಜಗಳನ್ನು ಇಟ್ಟಿದ್ದು ಕಂಡಿತು. ತಿಂಗಳ ಮೊದಲ ದಿನ ನಾಲ್ಕು ಹಾಕುತ್ತಾರಂತೆ, ಒಂದೊಂದು ಸಲ ಹಣ ತೆಗೆದಾಗಲೂ ಒಂದನ್ನು ಹೊರಗೆ ಹಾಕುತ್ತಾರಂತೆ. ಅಂದು ಹದಿನೇಳನೇ ತಾರೀಕು, ಡಬ್ಬಿಯಲ್ಲಿ ಇನ್ನೂ ಎರಡಿದ್ದವು.